ಅವ್ವ ತಿಕ್ಕಿದ ಟ್ರಂಪೆಟ್

ಇವತ್ತು ಕ್ಲಾಸಿನಲ್ಲಿ ಒಬ್ಬ ಹುಡುಗಿಯ ಟ್ರಂಪೆಟ್ ಕೈಗೆ ತೆಗೆದುಕೊಂಡರೆ ಹುಣಸೆಹಣ್ಣಿನ ವಾಸನೆ. ಗುಂಡಿ ಒತ್ತಿದರೆ ಅಲ್ಲಾಡುತ್ತಿಲ್ಲ. ನಾನು ನೆನಪಿನಲ್ಲೇ ಸೀದಾ ಗೋವಾದ ಮಂಗೋರ್ ಹಿಲ್‌ನ ನಮ್ಮ ಹಳೇ ಖೋಲಿಗೆ ಹೋಗಿಬಿಟ್ಟೆ.

ಅಲ್ಲಿನ ಬ್ಯಾಂಡ್ ಮಾಸ್ತರರು ಪೋರ್ಚುಗೀಸರ ಕಾಲದ ಮೆರವಣಿಗೆಯ ಧಾಟಿಗಳನ್ನು ಕಲಿಸುತ್ತಿದ್ದರು. ನಮ್ಮ ಓಣಿಯಲ್ಲೇ ಇದ್ದು ನಮ್ಮ ಕನ್ನಡವನ್ನೂ ಕಲಿತಿದ್ದರು. ಚರ್ಚಿನ ಹಬ್ಬಕ್ಕೆ ನಾನೂ ಊದಬೇಕೆಂದು ತಮ್ಮ ಅಜ್ಜನ ಟ್ರಂಪೆಟ್ ಕೊಟ್ಟು ಕಳಿಸಿದರು. ಅದರ ಕಪ್ಪು ಮೈ ನೋಡಿ ಅವ್ವನಿಗೆ ತಡೆಯಲಾಗಲಿಲ್ಲ. "ಇಂಥಾ ಹೊಲಸು ಊದಿದ್ರ ದೇವರು ಕಿವಿ ಮುಚ್ಕೋತಾನ" ಎಂದು ಹುಣಸೆಹಣ್ಣು, ಬೂದಿ ಹಾಕಿ ತಾಮ್ರದ ಕೊಡದಂತೆ ತಿಕ್ಕಿದಳು. ಹೊರಗೆ ಬಂಗಾರ, ಒಳಗೆ ಗ್ರಹಚಾರ. ಬೂದಿ ಹೊಕ್ಕು ಮೂರೂ ಗುಂಡಿ ಕಚ್ಚಿಕೊಂಡಿದ್ದವು.

ಮರುದಿನವೇ ಹಬ್ಬ. ನನ್ನ ಕಲಿಕೆ ಇಲ್ಲಿಗೆ ಮುಗಿಯಿತು ಅಂದುಕೊಂಡೇ ಮಾಸ್ತರರ ಮುಂದೆ ನಿಂತೆ.

"ಯಾರ್ ತಿಕ್ಯಾರ?"

"ನಮ್ಮವ್ವರಿ."

ಅವರು ಗುಂಡಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಟ್ರಂಪೆಟನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಆಮೇಲೆ ಮೂಲೆಯಲ್ಲಿ ಕಪ್ಪಿಟ್ಟು ಕೂತಿದ್ದ ಏಳು ವಾದ್ಯಗಳನ್ನು ತೋರಿಸಿದರು. "ಇವನ್ನೂ ಒಯ್ಯಿ. ಹೊರಗಿಂದು ನಿಮ್ಮವ್ವಂದು, ಒಳಗಿಂದು ನಂದು. ಬೂದಿ ಮಾತ್ರ ಬ್ಯಾಡ ಅನ್ನು."

ಹಬ್ಬದ ದಿನ ಬ್ಯಾಂಡ್ ಹೊಳೆಯಿತು, ನಾನು ಒಂದು ಸ್ವರವೂ ತಪ್ಪದೆ ಊದಿದೆ. ಇವತ್ತಿಗೂ ಊದುತ್ತಿದ್ದೇನೆ. ಅದೇ ಧಾಟಿಗಳನ್ನು ಈಗ ನಾನೇ ಕಲಿಸುತ್ತೇನೆ.

ಇವತ್ತಿನ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಗುಂಡಿ ಬಿಚ್ಚುತ್ತಾ ಕೇಳಿದೆ: "ನಿಮ್ಮವ್ವ ನಾಳೆ ಮನ್ಯಾಗ ಇರ್ತಾರೇನು? ಇನ್ನೂ ಏಳು ಅದಾವ."