ಕಾಲರ್ ಹಿಂದಿನ ಚೀಟಿ

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ಮೊದಲ ಸಲ ಇಂಟರ್‌ವ್ಯೂ ಮಾಡಿದೆ. ಕೊಟ್ಟಿದ್ದಲ್ಲ, ಮಾಡಿದ್ದು.

ಎದುರಿಗೆ ನಿಂತವಳು ಮೊಮ್ಮಗಳು ಕವಿತಾ. ಬಿ.ಕಾಂ. ಮುಗಿಸಿ ಆರು ತಿಂಗಳಿಂದ ಕೆಲಸ ಹುಡುಕುತ್ತಿದ್ದಳು. ಆಫೀಸು ಯಾವುದು ಅಂದಿರಾ? ಹಲಸೂರಿನ ಹೊಂಗೆ ಮರದ ಕೆಳಗಿನ ನಮ್ಮ ಇಸ್ತ್ರಿ ಟೇಬಲ್ಲು. (ನಾನು ಹೇಳಿ ಬರೆಸುವ ಈ ಅಂಕಣವನ್ನು ವಾರವಾರ ಓದುವವರಿಗೆ ಆ ಟೇಬಲ್ಲು ಗೊತ್ತೇ ಇದೆ.) ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು. ಅದಕ್ಕೇ ಅವಳು ಇಂಗ್ಲಿಷ್ ಪ್ರಶ್ನೆಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ಒಂದು ಶರ್ಟು ಮಡಿಸುವುದು, ಒಂದು ಪ್ರಶ್ನೆ ಕೇಳುವುದು.

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್."

ಗಿಣಿಯ ಹಾಗೆ ಒಪ್ಪಿಸಿದಳು. ಇಂದಿರಾನಗರದ ಕೋಚಿಂಗ್ ಸರ್ ಕಲಿಸಿದ್ದು. ಅರ್ಥ ಏನೆಂದು ಕೇಳಿದೆ.

"ನಮ್ದು ಗಾರ್ಮೆಂಟ್ ಬಿಸಿನೆಸ್ ಅಂತ, ಅಜ್ಜಿ."

"ಯಾರ್ದೇ ಬಿಸಿನೆಸ್ಸು?"

"ನಮ್ದೇ. ಇಸ್ತ್ರಿ ಅಂತ ಬಾಯಿ ಬಿಡ್ಬಾರ್ದಂತೆ."

"ಸರಿ. ನಿನ್ನ ವೀಕ್‌ನೆಸ್ಸು?"

"ಕೆಲ್ಸ ಜಾಸ್ತಿ ಮಾಡ್ಬಿಡ್ತೀನಿ ಅನ್ಬೇಕು."

"ಹೌದಾ? ಕುಡಿದ ಲೋಟ ತೊಳೆದಿಟ್ಟಿದ್ದು ಯಾವತ್ತೇ ನೀನು?"

ನಕ್ಕಳು. ಆ ವಾರ ಅವಳು ನಕ್ಕಿದ್ದು ಅಷ್ಟೇ.

ಆಗಲೇ ನಾಲ್ಕು ಕಡೆ ಹೋಗಿ ಬಂದಿದ್ದಳು. ಐದನೆಯದೂ ಆಗದಿದ್ದರೆ ಟೇಬಲ್ಲಿಗೇ ಬಂದು ನಿಲ್ಲುತ್ತೇನೆ ಎಂದಿದ್ದಳು. ನನಗೆ ಭಯ ಅದೇ. ನಾನು ಹದಿನೇಳಕ್ಕೆ ಆ ಟೇಬಲ್ಲಿಗೆ ನಿಂತವಳು. ಅವಳಮ್ಮನೂ ಅಷ್ಟೇ. ಮೂರನೆಯವಳು ಬೇಡ ಎಂದೇ ಓದಿಸಿದ್ದು.

ಇಂಟರ್‌ವ್ಯೂ ದಿನ ಬೆಳಿಗ್ಗೆ ಅವಳ ಬಿಳಿ ಶರ್ಟು ನಾನೇ ಇಸ್ತ್ರಿ ಮಾಡಿದೆ. ಆರು ಬಿಲ್ಡಿಂಗಿನ ಬಟ್ಟೆ ಬರುವ ಜಾಗ ನಮ್ಮದು. ಅದಲು ಬದಲಾಗಬಾರದೆಂದು ಕಾಲರ್ ಹಿಂದೆ ಮನೆ ನಂಬರಿನ ಚೀಟಿ ಪಿನ್ ಮಾಡುತ್ತೇನೆ. ಕೈ ತನ್ನ ಪಾಡಿಗೆ ಮಾಡುವ ಕೆಲಸ ಅದು. ಅವಳ ಶರ್ಟಿಗೂ ಮಾಡಿತು. ನಮ್ಮ ಬಟ್ಟೆ ಯಾರ ಗಂಟಿಗೂ ಸೇರದಿರಲಿ ಎಂದು ಯಾವಾಗಲೂ ಬರೆಯುವ ಹಾಗೆ ಚೀಟಿಯಲ್ಲಿ 'ಮನೆ' ಎಂದೂ ಬರೆದಿತ್ತು.

ಅವಳು ಅವಸರದಲ್ಲಿ ನೋಡದೆ ಹಾಕಿಕೊಂಡು ಹೋದಳು.

ಮಧ್ಯಾಹ್ನ ಬಂದವಳು ಚೀಟಿಯನ್ನು ಟೇಬಲ್ಲಿನ ಮೇಲಿಟ್ಟಳು.

"ಎಲ್ಲಾ ಚೆನ್ನಾಗೇ ಹೇಳಿದ್ದೆ ಅಜ್ಜಿ. ಗಾರ್ಮೆಂಟ್ ಬಿಸಿನೆಸ್ ಅಂತಾನೂ ಹೇಳಿದ್ದೆ. ಸರ್ಟಿಫಿಕೇಟ್ ತೆಗೆಯೋಕೆ ಬಗ್ಗಿದೆ ನೋಡು, ಆ ಮೇಡಮ್ಮು ಏನಮ್ಮ ಅದು ಕಾಲರಲ್ಲಿ ಅಂದ್ರು."

"ನೀನೇನಂದೆ?"

"ಹೊಸ ಶರ್ಟು, ಅಂಗಡಿ ಚೀಟಿ ಅಂದೆ."

"ಆಮೇಲೆ?"

"ಅವ್ರೇ ಬಿಚ್ಚಿ ಓದಿದ್ರು. ಇಸ್ತ್ರಿಯವ್ರ ಚೀಟಿ ಅಲ್ವಾ, ನಮ್ಮನೆ ಬಟ್ಟೆನೂ ಹೀಗೇ ಬರುತ್ತೆ ಅಂತ ನಕ್ಕರು. ಕೆಟ್ಟದಾಗೇನೂ ನಗಲಿಲ್ಲ. ಆದ್ರೆ ಆಮೇಲೆ ಒಂದು ಪ್ರಶ್ನೆನೂ ಕೇಳ್ಲಿಲ್ಲ. ಥ್ಯಾಂಕ್ಯೂ ಅಂದ್ರು."

ನನ್ನ ಕೈಯನ್ನೇ ಬೈದುಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಿಜ ಹೇಳಿದ್ದರೆ ಕೆಲಸ ಸಿಗುತ್ತಿತ್ತು ಅನ್ನುತ್ತೀರಾ? ಅಂಥ ನೀತಿಪಾಠ ನನ್ನ ಹತ್ತಿರ ಇಲ್ಲ. ಮೊದಲ ನಾಲ್ಕು ಕಡೆ ಕಾಲರಿನಲ್ಲಿ ಚೀಟಿ ಇರಲಿಲ್ಲ. ಅಲ್ಲಿ ಯಾರು ಕರೆದು ಕೆಲಸ ಕೊಟ್ಟರು? ನಮ್ಮ ಮಕ್ಕಳು ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೋಗುತ್ತಾರೆ, ಸುಕ್ಕು ಮಾಡಿಕೊಂಡು ವಾಪಸ್ ಬರುತ್ತಾರೆ. ದಿನಾ ನೋಡುತ್ತೇನೆ. ಸುಕ್ಕು ನೋಡಿದರೆ ಸಾಕು, ಎಷ್ಟು ಹೊತ್ತು ಕಾಯಿಸಿದರು ಎಂದು ಹೇಳಬಲ್ಲೆ.

ಮಾರನೆಯ ಬೆಳಿಗ್ಗೆ ನಾನು ಇದ್ದಿಲು ಹಚ್ಚುವ ಹೊತ್ತಿಗೆ ಕವಿತಾ ಟೇಬಲ್ಲಿನ ಹತ್ತಿರ ಬಂದು ನಿಂತಿದ್ದಳು. ಹೋಗೇ ಮನೆಗೆ ಅನ್ನಲು ಬಾಯಿ ತೆರೆದೆ. ಹೋಗಿ ಏನು ಮಾಡು ಅನ್ನಲಿ?

ಇಸ್ತ್ರಿ ಪೆಟ್ಟಿಗೆಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಇಟ್ಟೆ.