ತಲೆಗೆ ತಣ್ಣೀರು ಹಾಕಿಕೊಂಡ ತಪ್ಪು

ಆ ಮಾತಿಗೆ ನಾನು ತಲೆಯಾಡಿಸಿದೆನೋ ಇಲ್ಲವೋ, ಈಗಲೂ ಖಚಿತವಿಲ್ಲ. ಆಡಿಸಿದಿರಿ ಎನ್ನುತ್ತಾಳೆ ಸುಮಿತ್ರಾ.

೧೯೯೮ರಲ್ಲಿ, ಅಥವಾ ಅದರ ಮರುವರ್ಷ, ನಾನು ಗೂಡಲೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರಾಗಿದ್ದೆ. ಮಸಿನಗುಡಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಮೈಸೂರು ಕಡೆಯ ಕುಟುಂಬವೊಂದು ಎಂಟು ತಿಂಗಳ ಮಗುವನ್ನು ಜೀಪಿನಲ್ಲಿ ತಂದಿತು. ಮನೆಯವರಿಗೆಲ್ಲ ಬಂದದ್ದು ಬರೀ ನೆಗಡಿ. ಈ ಮಗುವಿನ ತುಟಿ ಮಾತ್ರ ನೀಲಿಗಟ್ಟಿತ್ತು. ಮೊದಲ ಮಗು ಹೀಗೇ ತೀರಿಕೊಂಡಿತ್ತು.

"ಹಾಲು ಕುಡಿಸೋಳು ತಲೆಗೆ ತಣ್ಣೀರು ಹಾಕ್ಕೊಂಡ್ರೆ ಮಗು ಉಳಿಯುತ್ತಾ ಡಾಕ್ಟ್ರೇ?" ಎಂದರು ಮಗುವಿನ ತಾಯಿ ಸುಮಿತ್ರಾಳ ಅತ್ತೆ ಗೌರಮ್ಮ. ನನ್ನ ಕಣ್ಣು ಆಕ್ಸಿಜನ್ ಸಿಲಿಂಡರಿನ ಮುಳ್ಳಿನ ಮೇಲಿತ್ತು.

ಒಂಬತ್ತನೇ ದಿನ ಮಗು ಸರಾಗವಾಗಿ ಉಸಿರಾಡಿತು. ಸ್ವತಃ ಡಾಕ್ಟರೇ ತಲೆಯಾಡಿಸಿ ಒಪ್ಪಿದರು ಎಂದು ಗೌರಮ್ಮ ಮಗುವನ್ನು ಇಟ್ಟುಕೊಂಡು ಸೊಸೆಯನ್ನು ತವರಿಗೆ ಅಟ್ಟಿದರಂತೆ. ತವರೆಂದರೆ ಗೌರಮ್ಮನ ತಮ್ಮನ ಮನೆಯೇ. ಸಂಬಂಧ ಕೈತಪ್ಪಬಾರದೆಂದು ಹಟ ಹಿಡಿದು ತಮ್ಮನ ಮಗಳನ್ನು ತಂದುಕೊಂಡವರು ಅವರು. ಎರಡು ವರ್ಷ ಸುಮಿತ್ರಾ ಮಗನ ಮುಖ ನೋಡಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ ಅದೇ ಮಗ ಫ್ಲೂ ಬಂದು ವೆಂಟಿಲೇಟರ್ ಸೇರಿ ಬದುಕಿದ. ದೊಡ್ಡಾಸ್ಪತ್ರೆಯವರು ಜೀನ್ ಪರೀಕ್ಷೆ ಮಾಡಿದರು. ವೈರಸ್ ಒಳಹೊಕ್ಕಾಗ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯನ್ನು ಹೊರಡಿಸುತ್ತವೆ. ಅದಕ್ಕೆ ಬೇಕಾದ ಒಂದು ಜೀನ್‌ನ ಎರಡೂ ಪ್ರತಿ ಅವನಲ್ಲಿ ಕೆಟ್ಟಿದ್ದವು. ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಕೆಟ್ಟಿದ್ದರೆ ಏನೂ ಆಗುವುದಿಲ್ಲ.

ಸುಮಿತ್ರಾ ವರದಿ ಹಿಡಿದು ಅತ್ತೆಯನ್ನೂ ಕರೆದುಕೊಂಡು ನನ್ನಲ್ಲಿಗೆ ಬಂದಳು. ಗಂಡನಿಗೆ ಇದು ಎಲ್ಲಿಂದ ಬಂತು ಎಂದಳು. ವಂಶದ ನಕ್ಷೆ ಬರೆದೆ. ಗೌರಮ್ಮ, ಅವರ ತಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದಿರಬಹುದು, ಬಹುಶಃ ಎಂದೆ.

"ನಾನು ಬೈಸಿಕೊಂಡದ್ದು ಬಹುಶಃ ಅಲ್ಲ, ಡಾಕ್ಟ್ರೇ. ಪರೀಕ್ಷೆ ಮಾಡಿ."

"ನನ್ನ ರಕ್ತದಲ್ಲಿ ಏನಿರುತ್ತೆ? ತಗೊಳ್ಳಿ," ಎಂದು ಗೌರಮ್ಮ ತೋಳು ಚಾಚಿದರು.

ಜೀನ್ ಯಾರ ಅಪರಾಧವೂ ಅಲ್ಲ ಎಂದು ಸುಮಿತ್ರಾಳಿಗೆ ವಿವರಿಸಿದೆ. "ಗೊತ್ತು. ನೀರೂ ಅಲ್ಲ ಅಂತ ಆವತ್ತು ಹೇಳಿದ್ರಾ?" ಎಂದಳು. ತಿಳಿಯದ ಕಡೆ ತಿಳಿಯದು ಎಂದು ಬಾಯಿಬಿಟ್ಟು ಹೇಳಬೇಕೆಂಬುದನ್ನು ನನಗೆ ಕಲಿಸಿದ್ದು ಆ ಪ್ರಶ್ನೆ.

ಗೌರಮ್ಮನ ರಕ್ತಪರೀಕ್ಷೆಯ ವರದಿ ಬಂದಾಗ, ಅದನ್ನು ಅತ್ತೆಯ ಎದುರು ಗಟ್ಟಿಯಾಗಿ ಓದಬೇಕೆಂದು ಅವಳು ಕೇಳಿದಳು. ಎರಡು ಸಲ ಪರಿಶೀಲಿಸಿ ಓದಿದೆ: ಗೌರಮ್ಮ, ಅದೇ ಜೀನ್, ಅದೇ ದೋಷ, ಒಂದು ಪ್ರತಿ.