ಹನ್ನೊಂದು ಸಿಡಿಗಳಿಗೆ ವಿಭೂತಿ

ನಮ್ಮ ಮನೆಯವರದು ಕೊಟ್ಟೂರಿನಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಪುರಾಣ, ಚುನಾವಣೆ ಭಾಷಣ, ಯಾವುದಿದ್ದರೂ ಹಾರ್ನ್ ಕಟ್ಟುವವರು ಇವರೇ. ಮೂವತ್ತು ವರ್ಷ ಜನರೇಟರಿನ ಪಕ್ಕ, ಬಾಕ್ಸಿನ ಮುಂದೆ ಕೂತು ಕೂತು ಎಡಗಿವಿ ಎಂದೋ ಹೋಗಿತ್ತು. ಹೋದ ವರ್ಷ ದಾವಣಗೆರೆಯ ಡಾಕ್ಟರು ಬಲಗಿವಿಯ ನರವೂ ಸೋತಿದೆ, ಇನ್ನು ಕೆಲವೇ ತಿಂಗಳು, ಮಷಿನ್ ಹಾಕಿದರೂ ಪ್ರಯೋಜನ ಕಡಿಮೆ ಎಂದರು. ವಾಪಸ್ ಬರುವಾಗ ಹರಪನಹಳ್ಳಿ ದಾಟಿದ ಮೇಲೆ ನಾನು ಶೇಂಗಾ ಬೇಕೇನೆಂದು ಕೇಳಿದೆ. ಅವರು ತಿಂದರು, ನಾನೂ ತಿಂದೆ. ಅಳು ಬರಬೇಕಿತ್ತು, ಬರಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆದೆ.

ಅವರಿಗೊಂದು ಹುಚ್ಚಿತ್ತು. ಬಹಳ ವರ್ಷದ ಹಿಂದೆ ಹಡಗಲಿ ಕಡೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಒಬ್ಬ ಇಂಜಿನಿಯರ್ ಸಿಡಿ ಪ್ಲೇಯರ್ ರಿಪೇರಿಗೆ ಕೊಟ್ಟು ಹೋದವನು ಮತ್ತೆ ಬರಲೇ ಇಲ್ಲ. ಅದರೊಳಗೆ ಒಂದು ಸಿಡಿ ಇತ್ತು. ಯುರೋಪಿನ ಜೆಕ್ ದೇಶದ ಸಂಗೀತಗಾರನೊಬ್ಬನ ರಚನೆ. ಅವನು ಸತ್ತು ನೂರು ವರ್ಷದ ಮೇಲಾಯಿತಂತೆ. ಹೆಸರು ಇವತ್ತಿಗೂ ನನ್ನ ನಾಲಿಗೆಗೆ ತಿರುಗುವುದಿಲ್ಲ. ರಿಪೇರಿ ಆಯಿತೋ ಇಲ್ಲವೋ ನೋಡಲು ಹಚ್ಚಿದ ಸಿಡಿಯನ್ನು ಇವರು ಆ ದಿನ ಮೂರು ಸಲ ಕೇಳಿದರಂತೆ. ಆಮೇಲೆ ಯಾರ‍್ಯಾರ ಕೈಲಿ ಎಲ್ಲೆಲ್ಲಿಂದಲೋ ತರಿಸಿ ತರಿಸಿ ಹನ್ನೊಂದು ಮಾಡಿದರು. ಎಲ್ಲವೂ ಆ ಒಬ್ಬನವೇ.

ಕೆಲವು ಬರೀ ಮೇಳದ್ದು, ನೂರು ಜನ ಕೂಡಿ ಬಾರಿಸುವುದು. ಕೆಲವದರಲ್ಲಿ ಒಂದು ವಾದ್ಯ ಮುಂದೆ, ಮೇಳ ಹಿಂದೆ. ಇದೇನೆಂದು ಕೇಳಿದರೆ, ನಮ್ಮ ಭಜನೆಯಲ್ಲಿ ಒಬ್ಬ ಎತ್ತಿಕೊಡುವುದಿಲ್ಲವೇ, ಉಳಿದವರು ಹಿಡಿಯುವುದಿಲ್ಲವೇ, ಹಾಗೇ ಎನ್ನುತ್ತಿದ್ದರು. ಹನ್ನೊಂದರಲ್ಲಿ ಮೂರು ಒಂದೇ ರಚನೆ. ತೊಡೆಗಳ ನಡುವೆ ಇಟ್ಟುಕೊಂಡು ಬಾರಿಸುವ ದೊಡ್ಡ ಪಿಟೀಲಿನದು, ಮೂವರು ಬೇರೆ ಬೇರೆ ಬಾರಿಸಿದ್ದು. ಒಂದನ್ನೇ ಮೂರು ಸಲ ತರಿಸಿದಿರಲ್ಲ, ನಿಮಗೆ ಮರೆವೋ ಅಂಗಡಿಯವನಿಗೆ ಮರೆವೋ ಎಂದು ನಾನು ಆಡಿಕೊಂಡಿದ್ದುಂಟು. ಅವರು ನಕ್ಕು, ಒಬ್ಬ ಅವಸರ ಮಾಡುತ್ತಾನೆ, ಒಬ್ಬ ಅಳುತ್ತಾನೆ, ಮೂರನೆಯವನು ಅಳುವುದೂ ಇಲ್ಲ ಎಂದಿದ್ದರು. ಆ ಮೂರನೆಯದು ಅವರ ಜೀವ. ನಾನು ಮಾತ್ರ ಒಂದನ್ನೂ ಪೂರ್ತಿ ಕೂತು ಕೇಳಿದವಳಲ್ಲ. ರೊಟ್ಟಿ ಯಾರು ಬಡಿಯಬೇಕು?

ಡಾಕ್ಟರ ಮಾತಾದ ಮೇಲೆ ಅವರು ಒಂದು ಲೆಕ್ಕ ಹಾಕಿಕೊಂಡರು. ಕಿವಿ ಮುಚ್ಚುವುದರೊಳಗೆ ಹನ್ನೊಂದನ್ನೂ ಒಂದೊಂದು ಸಲ ಕೇಳಿ ಮುಗಿಸಬೇಕು, ಭಾನುವಾರಕ್ಕೊಂದು. ದೊಡ್ಡ ಪಿಟೀಲಿನ ಮೂರು ಕೊನೆಗೆ. ದಸರೆಯ ಹೊತ್ತಿಗೆ ಎಂಟು ಆಗಿದ್ದವು.

ಆಯುಧ ಪೂಜೆ ನಮ್ಮ ಮನೆಯಲ್ಲಿ ನನ್ನ ಪಾಲಿಗೆ. ಆಂಪ್ಲಿಫೈಯರ್, ಹಾರ್ನ್, ವೈರಿನ ಸುರುಳಿ, ಜನರೇಟರ್, ಎಲ್ಲಕ್ಕೂ ವಿಭೂತಿ ಹಚ್ಚಿ ಚೆಂಡು ಹೂ ಇಡುತ್ತೇನೆ. ಆ ಸಲ ಅವರು ಬೂದುಗುಂಬಳಕ್ಕೆಂದು ಹೊರಗೆ ಹೋಗಿದ್ದಾಗ ನನಗೆ ಸಿಡಿಗಳ ನೆನಪಾಯಿತು. ಇಷ್ಟು ವರ್ಷ ಅವುಗಳಿಗೆ ಒಂದು ಹೂವನ್ನೂ ಇಟ್ಟಿಲ್ಲವಲ್ಲ ಎನಿಸಿತು. ಡಬ್ಬಿಯಿಂದ ತೆಗೆದು, ಹನ್ನೊಂದನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟೆ. ಒಂದು ಕಡೆ ಅಕ್ಷರ, ಒಂದು ಕಡೆ ಹೊಳಪು. ಮುಖ ನೋಡಿಕೊಳ್ಳುವಷ್ಟು ಹೊಳಪು. ಸಿಡಿಯ ಮುಖ ಇದೇ ಎಂದುಕೊಂಡೆ. ವಿಭೂತಿ ತೇಯ್ದು ಮೂರು ಬೆರಳಲ್ಲಿ ಒಂದೊಂದಕ್ಕೂ ದಪ್ಪಗೆ ಎಳೆದೆ. ನಡುವೆ ತೂತಿದ್ದುದರಿಂದ ಕುಂಕುಮ ಸ್ವಲ್ಪ ಮೇಲೆ ಇಡಬೇಕಾಯಿತು. ಸ್ವಾಮಿ, ಇನ್ನು ಮೂರು ವಾರ ಆ ಒಂದು ಕಿವಿ ಇರಲಿ ಎಂದು ಕೈ ಮುಗಿದೆ.

ಪೂಜೆ ಆದ ಸಾಮಾನನ್ನು ಆ ದಿನ ಮುಟ್ಟುವಂತಿಲ್ಲ. ಬಿಳಿ ಬಟ್ಟೆ ಮುಚ್ಚಿದ್ದೆ, ಅವರು ನೋಡಲಿಲ್ಲ. ಮರುದಿನ ಬಟ್ಟೆ ತೆಗೆಯುವಷ್ಟರಲ್ಲಿ ವಿಭೂತಿ ಒಣಗಿ ಗಾರೆಯಾಗಿತ್ತು. ಅವರ ಮುಖ ಕಂಡೇ ನನಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಸರಿ ಮಾಡಿಬಿಡೋಣ ಎಂದು ನಾನು ಹನ್ನೊಂದನ್ನೂ ಬಚ್ಚಲಿಗೆ ಒಯ್ದು ಸೋಪು ಹಾಕಿ, ಊಟದ ತಟ್ಟೆ ತಿಕ್ಕಿದ ಹಾಗೆ ಸುತ್ತಲೂ ಗಸಗಸ ತಿಕ್ಕಿ ತೊಳೆದೆ. ಬೂದಿಯೇ ಉಜ್ಜಿ ಉಜ್ಜಿ ಗೀರು ಬಿತ್ತು. ಬೆಳಕಿಗೆ ಹಿಡಿದು ನೋಡಿದ ಅವರು ಇಷ್ಟೇ ಅಂದರು:

"ಅಕ್ಷರ ಇದ್ದ ಕಡಿ ಹಚ್ಚಿದ್ರ ಏನೂ ಆಗ್ತಿರಲಿಲ್ಲ ನೋಡು."

ನಾನು ಹುಂ ಎಂದೆ. ಎದೆ ಒಡೆದುಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಸೋಪಿನ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದೂ ಹೆಚ್ಚು ಹೊತ್ತು ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಸ್ನಾನ ಮಾಡಿ ಬಂದು ಆ ಮೂರನೆಯವನ ಸಿಡಿಯನ್ನೇ ಹಾಕಿದರು. ಉಳಿದೆರಡನ್ನು ಬಿಟ್ಟು ಮೊದಲಿಗೆ ಅದನ್ನೇ ಯಾಕೆ ಹಾಕಿದರೆಂದು ನಾನು ಕೇಳಲಿಲ್ಲ. ಶಬ್ದ ಪೂರ್ತಿ ಏರಿಸಿ, ಬಲಗಿವಿಯನ್ನು ಬಾಕ್ಸಿಗೆ ಕೊಟ್ಟು ಕುರ್ಚಿಯಲ್ಲಿ ಕೂತರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮೊದಲು ಮೇಳ ಬಂತು, ಪಿಟೀಲು ಬಂತು, ಎಲ್ಲ ಸರಿಯಾಗಿಯೇ ಇತ್ತು. ನಿಧಾನದ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ಪಿಟೀಲು ನಿಂತಲ್ಲೇ ನಿಂತಿತು. ಅದೇ ಎರಡು ಸ್ವರ, ಒಂದು ಟಕ್, ಮತ್ತೆ ಅದೇ ಎರಡು ಸ್ವರ.

ಅವರು ಎದ್ದು ಸರಿ ಮಾಡುತ್ತಾರೆಂದು ಕಾದೆ. ಏಳಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಕಣ್ಣು ಮುಚ್ಚಿದ್ದರು. ಮೊಣಕಾಲಿನ ಮೇಲೆ ಬೆರಳು ಮೆಲ್ಲಗೆ ಓಡುತ್ತಿತ್ತು, ಎಲ್ಲೂ ಸಿಕ್ಕಿಕೊಳ್ಳದೆ. ಮೇಳ ಹಿಡಿಯುವ ಜಾಗದಲ್ಲಿ ಯಾವಾಗಲೂ ಎತ್ತುವಂತೆ ಅಂಗೈ ಮೇಲೆತ್ತಿದರು, ಮತ್ತೆ ಇಳಿಸಿದರು. ಬಾಕ್ಸಿನಲ್ಲಿ ಅದೇ ಎರಡು ಸ್ವರ. ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, ನಿಮ್ಮ ಡಬ್ಬಿ ಸಿಕ್ಕಿಕೊಂಡಿದೆ, ಬಂದ್ ಮಾಡಿ ಎಂದು ಕೂಗಿದಳು. ಅವರು ತಿರುಗಲಿಲ್ಲ.

ಕಣ್ಣು ಬಿಟ್ಟಾಗ ಎದುರಿಗೆ ನಾನಿದ್ದೆ.

"ಸುಮ್ನ ಹೆದರ್ಕೊಂಡಿದ್ದಿ," ಅಂದರು. "ಒಂಚೂರೂ ಕೆಟ್ಟಿಲ್ಲ. ಎಷ್ಟು ಚಂದ ಬರಾಕತ್ತೈತಿ."

ಹೌದೆಂದು ತಲೆಯಾಡಿಸಿದೆ. ಅವರು ಮತ್ತೆ ಕಣ್ಣು ಮುಚ್ಚಿದರು. ನಾನು ಹೋಗಿ ಅವರ ಪಕ್ಕ ನೆಲದ ಮೇಲೆ ಕೂತೆ, ಅವರ ಕೈ ತಾನಾಗಿ ನಿಲ್ಲುವವರೆಗೂ.